ಒಂದು ಯಂತ್ರ, ಎರಡು ಒಕ್ಕಲು

ಕಳೆದ ಮಾಗಿಯ ಒಂದು ಭಾನುವಾರ ಗಾಜಿಯಾಬಾದಿನ ವಸುಂಧರಾ ಬಡಾವಣೆಯ ಮನೆಯೊಂದರ ಅಟ್ಟದಿಂದ ಹಳೆಯ ಕಂಪ್ಯೂಟರೊಂದನ್ನು ನಾವು ಕೆಳಗಿಳಿಸಿದೆವು. ಅದು ನಮ್ಮ ಬಳಗದ ದಿವಂಗತ ಹಿರಿಯರೊಬ್ಬರದು. ಐವತ್ತರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರಾಗಿ ದೆಹಲಿಗೆ ಬಂದ ಅವರು ಕರೋಲ್‌ಬಾಗಿನ ಬಾಡಿಗೆ ಕೋಣೆಯಲ್ಲಿ ಸಂಸಾರ ಆರಂಭಿಸಿ, ಸರೋಜಿನಿ ನಗರ, ರಾಮಕೃಷ್ಣಪುರಗಳ ಸರ್ಕಾರಿ ವಸತಿಗಳಲ್ಲಿ ಬಾಳಿ, ನಿವೃತ್ತಿಯ ನಂತರ ಯಮುನೆಯ ಆಚೆ ಬಂದು ನೆಲೆಸಿದವರು. ಅರವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದನ್ನು ಕಲಿತು, ಬಳಗದ ವಾರ್ಷಿಕ ಸಂಚಿಕೆಯನ್ನು ತಾವೇ ಸಿದ್ಧಪಡಿಸುತ್ತಿದ್ದರು. ಅದರ ಜೊತೆಗೆ, 2003ರಿಂದ 2009ರವರೆಗೆ, ತಾವು ಕಂಡ ದೆಹಲಿ ಕನ್ನಡಿಗರ ಬದುಕನ್ನು ಕುರಿತು 41 ಲೇಖನಗಳನ್ನು ಬರೆದಿಟ್ಟಿದ್ದರು. ಅವುಗಳಲ್ಲಿ ಅಚ್ಚಾದವು ಹದಿನಾರು. ಉಳಿದ ಇಪ್ಪತ್ತೈದು ಆ ಯಂತ್ರದೊಳಗೆ ಮಾತ್ರ ಇದ್ದವು. ಕೈಬರಹದ ಪ್ರತಿಗಳು ಎರಡು ಬಾರಿ ಮನೆ ಬದಲಿಸುವಾಗ ಕಳೆದುಹೋಗಿದ್ದವು.

ಯಂತ್ರ ಏಳಲಿಲ್ಲ. ಅದರ ಹಾರ್ಡ್ ಡಿಸ್ಕ್ ಮಾತ್ರ ಇನ್ನೂ ಉಸಿರಾಡುತ್ತಿತ್ತು. ಕಡತಗಳನ್ನು ಬಳಗದ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಆದರೆ ಅಲ್ಲಿ ಅವು ತೆರೆಯಲಿಲ್ಲ. ಅವು ಪೇಜ್‌ಮೇಕರ್ ಕಡತಗಳು, ಅಕ್ಷರಗಳು ಹಳೆಯ ನುಡಿ ಫಾಂಟಿನವು, ಅವನ್ನು ಹುಟ್ಟಿಸಿದ್ದು ವಿಂಡೋಸ್ ಎಕ್ಸ್‌ಪಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. 2016ರಲ್ಲಿ ಕೊಂಡ ಆ ಲ್ಯಾಪ್‌ಟಾಪಿಗೆ ವಿಂಡೋಸ್ 11ನ್ನು ಹೊರುವ ಅರ್ಹತೆ ಇರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಾಗ, ಹೊಸದನ್ನು ಕೊಳ್ಳುವಷ್ಟು ಹಣ ಬಳಗದ ಖಾತೆಯಲ್ಲಿಲ್ಲದ ಕಾರಣ, ಅದಕ್ಕೆ ಉಬುಂಟು ಹಾಕಿದ್ದೆವು.

ಹಾಗಾದರೆ ಈ ಯಂತ್ರದಲ್ಲಿ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ಹೇಗೆ ನಡೆಸುವುದು? ಬಳಗದಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. ಇಪ್ಪತ್ತು ವರ್ಷಗಳಿಂದ ಲಿನಕ್ಸ್ ಬಳಸುತ್ತಿರುವ ನೋಯ್ಡಾದ ಗೆಳೆಯರು ಡ್ಯುಯಲ್ ಬೂಟ್ ಮಾಡೋಣ ಎಂದರು. ಅಂದರೆ ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ಎಕ್ಸ್‌ಪಿ ಇರಿಸಿ, ಯಂತ್ರ ಹಚ್ಚುವಾಗ ಯಾವುದು ಬೇಕೆಂದು ಆರಿಸಿಕೊಳ್ಳುವುದು. ಹಿರಿಯರ ಮೊಮ್ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು, ಒಪ್ಪಲಿಲ್ಲ. “ಅಂಕಲ್, ತಾತನ ಡಿಸ್ಕನ್ನೂ ಮುಟ್ಟೋದು ಬೇಡ, ಈ ಲ್ಯಾಪ್‌ಟಾಪಿನ ಡಿಸ್ಕನ್ನೂ ಕತ್ತರಿಸೋದು ಬೇಡ. ಲಿನಕ್ಸ್ ಒಳಗೇ ಒಂದು ಎಕ್ಸ್‌ಪಿ ನಡೆಸೋಣ” ಎಂದಳು. ಅವಳು ಹೇಳಿದ್ದು ವರ್ಚುವಲ್ ಯಂತ್ರದ ವಿಚಾರ. ಅದರಲ್ಲಿ ಒಂದು ತಂತ್ರಾಂಶ ಇಡೀ ಕಂಪ್ಯೂಟರಿನ ವೇಷ ತೊಡುತ್ತದೆ. ಅದರೊಳಗೆ ನಡೆಯುವ ವ್ಯವಸ್ಥೆ ತಾನು ನಿಜವಾದ ಯಂತ್ರದ ಮೇಲೆಯೇ ಇದ್ದೇನೆಂದು ತಿಳಿದು ಕೆಲಸ ಮಾಡುತ್ತದೆ.

ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡೆವು, ಏಕೆ ಎಂಬುದನ್ನು ಹೇಳುವ ಮುನ್ನ ಈ ಎರಡು ದಾರಿಗಳು ಹುಟ್ಟಿದ ಬಗೆಯನ್ನು ನೋಡಬೇಕು. ನಮ್ಮ ತೀರ್ಮಾನಕ್ಕೆ ಬೇಕಾದ ಅರ್ಧ ಉತ್ತರ ಆ ಚರಿತ್ರೆಯಲ್ಲೇ ಇತ್ತು.

ಹಿರಿಯ ಯಾರು, ಕಿರಿಯ ಯಾರು

ಡ್ಯುಯಲ್ ಬೂಟ್ ಹಳೆಯದು, ವರ್ಚುವಲ್ ಯಂತ್ರ ಹೊಸದು ಎಂದೇ ನಾವು ಬಹುಕಾಲ ತಿಳಿದಿದ್ದೆವು. ನಮ್ಮ ಪೀಳಿಗೆಯವರು ಅವನ್ನು ಕಂಡ ಅನುಕ್ರಮ ಅದು. ನಿಜದ ಅನುಕ್ರಮ ಇದಕ್ಕೆ ತಿರುವುಮುರುವು.

ಅರವತ್ತರ ದಶಕದಲ್ಲಿ ಕಂಪ್ಯೂಟರೆಂದರೆ ಒಂದು ಹಜಾರವನ್ನೇ ತುಂಬುವ ವಸ್ತು. ಯಂತ್ರ ಒಂದೇ, ಬಳಸಬೇಕಾದವರು ಹಲವರು. ಅಮೆರಿಕದ ಕೇಂಬ್ರಿಡ್ಜಿನಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದ ತಂತ್ರಜ್ಞರು ಇದಕ್ಕೆ ಒಂದು ಉಪಾಯ ಹುಡುಕಿದರು. ಒಂದೇ ಯಂತ್ರವು ಪ್ರತಿಯೊಬ್ಬ ಬಳಕೆದಾರನಿಗೂ ಅವನದೇ ಒಂದು ಪೂರ್ಣ ಯಂತ್ರವಿರುವಂತೆ ತೋರುವ ಹಾಗೆ ಮೇಲ್ವಿಚಾರಕ ತಂತ್ರಾಂಶವೊಂದನ್ನು ಬರೆದರು. 1967ರ ಹೊತ್ತಿಗೆ ಅದು ಕೆಲಸ ಮಾಡುತ್ತಿತ್ತು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಐಬಿಎಂ ಅದನ್ನು ಗ್ರಾಹಕರಿಗೆ ನೀಡಿತು. 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು ಇಂಥ ಮೇಲ್ವಿಚಾರಕನಿಗೆ ಇರಬೇಕಾದ ಮೂರು ಲಕ್ಷಣಗಳನ್ನು ನಿರೂಪಿಸಿದರು: ಒಳಗೆ ನಡೆಯುವ ಕ್ರಮವಿಧಿಗೆ ಅದು ನಿಜವಾದ ಯಂತ್ರದಂತೆಯೇ ಕಾಣಬೇಕು, ಹೆಚ್ಚಿನ ಕೆಲಸ ನೇರವಾಗಿ ಯಂತ್ರದ ಮೇಲೆಯೇ ಸಾಗಿ ವೇಗ ಕುಂದದಿರಬೇಕು, ಸಂಪನ್ಮೂಲಗಳ ಹಿಡಿತ ಪೂರ್ತಿಯಾಗಿ ಮೇಲ್ವಿಚಾರಕನ ಕೈಯಲ್ಲೇ ಇರಬೇಕು. ಐವತ್ತು ವರ್ಷ ಕಳೆದರೂ ಪಠ್ಯಪುಸ್ತಕಗಳಲ್ಲಿ ಅದೇ ವ್ಯಾಖ್ಯೆ ಉಳಿದಿದೆ.

ವರ್ಚುವಲ್ ಯಂತ್ರ ಹೀಗೆ ಬಡತನದ ಕೂಸು. ಯಂತ್ರ ದುಬಾರಿಯಾಗಿದ್ದುದರಿಂದಲೇ ಅದನ್ನು ಹಂಚಿಕೊಳ್ಳುವ ವಿದ್ಯೆ ಹುಟ್ಟಿತು.

ಭಾರತದ ಕಚೇರಿಗಳಿಗೆ ಈ ವಿದ್ಯೆಯ ಪರಿಚಯ ಬೇಗ ಆಗಲಿಲ್ಲ. ವಿದೇಶಿ ವಿನಿಮಯದ ಕಾಯಿದೆಯ ಷರತ್ತುಗಳನ್ನು ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ನಮ್ಮ ಗುಮಾಸ್ತರ ಮೇಜಿಗೆ ಕಂಪ್ಯೂಟರು ಬಂದದ್ದು ಮುಂದೆ, ಪಿಸಿಯ ರೂಪದಲ್ಲಿ. ಪಿಸಿಯ ತತ್ತ್ವವೇ ಬೇರೆ. ಯಂತ್ರ ಒಂದು, ಬಳಸುವವನು ಒಬ್ಬ, ವ್ಯವಸ್ಥೆಯೂ ಒಂದೇ. ಒಬ್ಬನಿಗೇ ಎರಡು ವ್ಯವಸ್ಥೆಗಳು ಬೇಕಾದರೆ? ಒಂದರೊಳಗೆ ಇನ್ನೊಂದನ್ನು ನಡೆಸುವಷ್ಟು ಶಕ್ತಿ ಆ ಚಿಕ್ಕ ಯಂತ್ರಕ್ಕಿರಲಿಲ್ಲ. ಉಳಿದದ್ದು ಸರದಿಯ ದಾರಿ.

1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು. ಅದರ ಜೊತೆ ಬಂದ ಡಾಸ್ 2.0, ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಒಂದು ಹಂಚಿಕೆಯ ಪಟ್ಟಿಯನ್ನಿಟ್ಟಿತು. ಆ ಪಟ್ಟಿಯಲ್ಲಿ ನಾಲ್ಕು ಪಾಲುಗಳಿಗೆ ಸ್ಥಳವಿತ್ತು, ಬೇರೆ ಬೇರೆ ವ್ಯವಸ್ಥೆಗಳು ಬೇರೆ ಬೇರೆ ಪಾಲುಗಳಲ್ಲಿ ಇರಬಹುದಿತ್ತು. ಡ್ಯುಯಲ್ ಬೂಟಿನ ಜಾತಕ ಬರೆದದ್ದು ಈ 512 ಬೈಟುಗಳು. 1992ರಲ್ಲಿ ಬಂದ ಓಎಸ್/2ರ ಎರಡನೆಯ ಆವೃತ್ತಿ, ಯಾವ ಪಾಲನ್ನು ಎಬ್ಬಿಸಬೇಕೆಂದು ಕೇಳುವ ಬೂಟ್ ಮ್ಯಾನೇಜರನ್ನು ತನ್ನ ಜೊತೆಗೇ ತಂದಿತು. ಲಿನಕ್ಸ್ ಲೋಕದಲ್ಲಿ ವೆರ್ನರ್ ಆಲ್ಮ್‌ಸ್‌ಬೆರ್ಗರ್ ಅವರ ಲಿಲೊ, ಆಮೇಲೆ 1995ರಲ್ಲಿ ಎರಿಕ್ ಬೊಲಿನ್ ಆರಂಭಿಸಿದ ಗ್ರಬ್ ಇದೇ ದ್ವಾರಪಾಲಕನ ಕೆಲಸ ಮಾಡಿದವು. ಇಂದಿಗೂ ಹೆಚ್ಚಿನ ಲಿನಕ್ಸ್ ಯಂತ್ರಗಳನ್ನು ಎಬ್ಬಿಸುವುದು ಗ್ರಬ್‌ನ ಹೊಸ ರೂಪವೇ.

ಲಿನಕ್ಸ್ ಸ್ವತಃ ಪಾಲು ಮಾಡಿದ ಡಿಸ್ಕಿನ ಮೇಲೆ ಹುಟ್ಟಿದ್ದು. ಲಿನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ ಕೊಂಡ ಪಿಸಿಗೆ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿಕೊಂಡು, ಅದರ ನೆರವಿನಿಂದ ತನ್ನದನ್ನು ಬರೆಯುತ್ತಿದ್ದರು. ಒಮ್ಮೆ ಮೋಡೆಮ್ಮಿಗೆ ಕಳುಹಿಸಬೇಕಾದ ಆದೇಶವನ್ನು ತಪ್ಪಿ ಡಿಸ್ಕಿಗೆ ಕಳುಹಿಸಿ, ಮಿನಿಕ್ಸ್ ಇದ್ದ ಪಾಲನ್ನು ಹಾಳುಮಾಡಿಕೊಂಡರು. ಅದನ್ನು ಮತ್ತೆ ಕಟ್ಟುವ ಬದಲು ತಾನು ಬರೆದ ವ್ಯವಸ್ಥೆಗೇ ಪೂರ್ತಿ ಒಕ್ಕಲು ಬಂದರು.

ಅವರ ಕೈತಪ್ಪಿನಿಂದ ಲೋಕಕ್ಕೆ ಲಾಭವಾಯಿತು. ನಮ್ಮ ಕೈತಪ್ಪಿನಿಂದ ಯಾರಿಗೂ ಏನೂ ಲಾಭವಾಗಲಿಲ್ಲ. ತೊಂಬತ್ತರ ದಶಕದ ಉತ್ತರಾರ್ಧದಿಂದ ಗುಡಗಾಂವಿನಿಂದ ಹೊರಡುತ್ತಿದ್ದ ‘ಪಿಸಿ ಕ್ವೆಸ್ಟ್’ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ಸಂಚಿಕೆಯ ಜೊತೆಗೇ ಹಂಚುತ್ತಿತ್ತು. ಇಂಟರ್ನೆಟ್ ತೊಟ್ಟಿಕ್ಕುತ್ತಿದ್ದ ಆ ಕಾಲದಲ್ಲಿ ದೆಹಲಿಯ ಹುಡುಗರಿಗೆ ಲಿನಕ್ಸ್ ಸಿಗುತ್ತಿದ್ದುದು ಇಂಥ ಸಿಡಿಗಳಲ್ಲಿ, ಇಲ್ಲವೇ ನೆಹರೂ ಪ್ಲೇಸಿನ ಅಂಗಡಿಗಳಲ್ಲಿ. 2005ರಲ್ಲಿ ನೆಹರೂ ಪ್ಲೇಸಿನಲ್ಲಿ ಜೋಡಿಸಿ ತಂದ 40 ಗಿಗಾಬೈಟ್ ಡಿಸ್ಕಿನ ಯಂತ್ರಕ್ಕೆ ನಾವೂ ಡ್ಯುಯಲ್ ಬೂಟ್ ಮಾಡಲು ಹೊರಟು, ಪಾಲು ಆರಿಸುವಾಗ ತಪ್ಪು ಸಾಲಿನ ಮೇಲೆ ಕೀಲಿ ಒತ್ತಿದೆವು. ಎರಡು ವರ್ಷಗಳಿಂದ ಇಂಗ್ಲಿಷಿನಿಂದ ಮಾಡಿಟ್ಟಿದ್ದ ಅನುವಾದಗಳೆಲ್ಲ ಅಳಿಸಿಹೋದವು. ಯಂತ್ರ ಎರಡು ಬಾರಿ ಎಚ್ಚರಿಸಿತ್ತು. ಓದದೆ ಮುಂದೆ ಹೋದವರು ನಾವು. ಹಿರಿಯರ ಕಡತಗಳ ಪ್ರಶ್ನೆ ಬಂದಾಗ ಮೊಮ್ಮಗಳ ಮಾತಿಗೆ ನಮ್ಮ ಮನಸ್ಸು ವಾಲಿದ್ದಕ್ಕೆ ಈ ಹಳೆಯ ಗಾಯವೂ ಒಂದು ಕಾರಣವೆಂದು ಒಪ್ಪಿಕೊಳ್ಳಬೇಕು.

ಪಿಸಿಯ ಲೋಕಕ್ಕೆ ವರ್ಚುವಲ್ ಯಂತ್ರ ಮರಳಿ ಬಂದದ್ದು ಶತಮಾನದ ಕೊನೆಗೆ. ಇಂಟೆಲ್ ಪ್ರೊಸೆಸರು ಪೊಪೆಕ್ ಮತ್ತು ಗೋಲ್ಡ್‌ಬರ್ಗರ ನಿಯಮಕ್ಕೆ ಒಗ್ಗುತ್ತಿರಲಿಲ್ಲ. ಮೇಲ್ವಿಚಾರಕನಿಗೆ ತಿಳಿಸದೆಯೇ ಯಂತ್ರದ ಸ್ಥಿತಿಯನ್ನು ಓದುವ ಅಥವಾ ಬದಲಿಸುವ 17 ಆದೇಶಗಳು ಪೆಂಟಿಯಮ್ಮಿನಲ್ಲಿವೆ ಎಂದು 2000ದ ಅಧ್ಯಯನವೊಂದು ಎಣಿಸಿತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ ಇಂಥ ಆದೇಶಗಳನ್ನು ನಡೆಯುತ್ತಿರುವಾಗಲೇ ಹಿಡಿದು, ನಿರಪಾಯಕಾರಿ ರೂಪಕ್ಕೆ ಅನುವಾದಿಸುವ ಉಪಾಯ ಕಂಡುಕೊಂಡು, ಮರುವರ್ಷ ತನ್ನ ತಂತ್ರಾಂಶವನ್ನು ಮಾರುಕಟ್ಟೆಗೆ ಬಿಟ್ಟಿತು. 2005ರ ಕೊನೆಯಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಪ್ರೊಸೆಸರಿನಲ್ಲೇ ಇದಕ್ಕೆ ಆಸರೆ ಒದಗಿಸಿದವು. 2007ರಲ್ಲಿ ಲಿನಕ್ಸಿನ ತಿರುಳಿಗೇ ಕೆವಿಎಂ ಸೇರಿತು, ಅದೇ ವರ್ಷ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಹೊರಬಂತು. ಅಲ್ಲಿಂದ ಮುಂದೆ ಸಾಮಾನ್ಯರ ಮನೆಯ ಯಂತ್ರದಲ್ಲೂ ಎರಡು ವ್ಯವಸ್ಥೆಗಳು ಒಂದೇ ಹೊತ್ತಿನಲ್ಲಿ ಎದ್ದಿರುವುದು ಸಾಧ್ಯವಾಯಿತು.

ಇದಿಷ್ಟರಿಂದ ಒಂದು ಮಾತು ಸ್ಪಷ್ಟ. ಡ್ಯುಯಲ್ ಬೂಟಿನಲ್ಲಿ ಎರಡು ಒಕ್ಕಲುಗಳಿಗೂ ಪೂರ್ತಿ ಮನೆ ಸಿಗುತ್ತದೆ, ಆದರೆ ಸರದಿಯ ಮೇಲೆ. ಒಬ್ಬರಿರುವಾಗ ಇನ್ನೊಬ್ಬರಿಲ್ಲ. ವರ್ಚುವಲ್ ಯಂತ್ರದಲ್ಲಿ ಇಬ್ಬರೂ ಒಟ್ಟಿಗಿರುತ್ತಾರೆ, ಆದರೆ ಒಬ್ಬ ಮನೆಯ ಯಜಮಾನ, ಇನ್ನೊಬ್ಬ ಅತಿಥಿ. ಅತಿಥಿಗೆ ಸಿಗುವುದು ಯಜಮಾನ ಬಿಟ್ಟುಕೊಟ್ಟಷ್ಟು ಜಾಗ.

ಕನ್ನಡ ಯಂತ್ರದೊಳಗೆ ಬಂದ ದಾರಿ

ಕಡತವೊಂದನ್ನು ತೆರೆಯಲು ಇಡೀ ಆಪರೇಟಿಂಗ್ ಸಿಸ್ಟಮ್ಮೇ ಏಕೆ ಬೇಕಾಯಿತು? ಆಂಗ್ಲ ಲೇಖನವಾಗಿದ್ದರೆ ಹೇಗೋ ಪಠ್ಯವನ್ನಾದರೂ ಹೊರತೆಗೆದು ಓದಬಹುದಿತ್ತು. ಕನ್ನಡದ್ದು ಹಾಗಲ್ಲ. ಅದಕ್ಕೊಂದು ಪ್ರತ್ಯೇಕ ಚರಿತ್ರೆಯಿದೆ.

ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ತರುವ ಮೊದಲ ದೊಡ್ಡ ಪ್ರಯತ್ನ ಐಐಟಿ ಕಾನ್ಪುರದಲ್ಲಿ ನಡೆಯಿತು. ಅಲ್ಲಿ ರೂಪುಗೊಂಡ ಜಿಸ್ಟ್ ತಂತ್ರಜ್ಞಾನ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಪಿಸಿಯೊಳಗೆ ಸಿಕ್ಕಿಸುವ ಒಂದು ಕಾರ್ಡಿನ ಮೂಲಕ ಡಾಸ್ ಪರದೆಯ ಮೇಲೆ ಭಾರತೀಯ ಅಕ್ಷರಗಳು ಮೂಡುತ್ತಿದ್ದವು. ವ್ಯವಸ್ಥೆ ಬದಲಾಗಲಿಲ್ಲ, ಅದರ ಮಗ್ಗುಲಲ್ಲಿ ಲಿಪಿಗಾಗಿ ಪ್ರತ್ಯೇಕ ಯಂತ್ರಾಂಶ ಕೂತಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಎಲ್ಲ ಬ್ರಾಹ್ಮೀಮೂಲದ ಲಿಪಿಗಳಿಗೂ ಸಾಮಾನ್ಯವಾದ ಇಸ್ಕಿ ಸಂಕೇತವನ್ನು ಅಂಗೀಕರಿಸಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಕೋಷ್ಟಕ ದೊರೆಯಿತು. ಕಾಗದದ ಮೇಲೆ ಕನ್ನಡಕ್ಕೆ 1991ರಲ್ಲೇ ಮನೆ ಮಂಜೂರಾಗಿತ್ತು.

ಮಂಜೂರಾದ ಮನೆಯ ಬೀಗದ ಕೈ ಸಿಗಲು ಎಷ್ಟು ಕಾಲ ಬೇಕೆಂಬುದು ದೆಹಲಿಯ ಸರ್ಕಾರಿ ನೌಕರರಿಗೆ ಹೇಳಬೇಕಾಗಿಲ್ಲ. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಯೂನಿಕೋಡ್ ಬೆಂಬಲ ಬಂತು. ಕನ್ನಡ ಕಾದದ್ದು 2001ರ ಎಕ್ಸ್‌ಪಿಯವರೆಗೆ. ಆಗ ತುಂಗಾ ಎಂಬ ಫಾಂಟಿನೊಡನೆ ಕನ್ನಡ ಅಲ್ಲಿ ಕಾಣಿಸಿತು. ಅದಕ್ಕೂ ಸೆಟ್ಟಿಂಗ್ಸಿಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲವನ್ನು ಗುರುತಿಸಿ, ಮೂಲ ಸಿಡಿಯನ್ನು ಹಾಕಬೇಕಿತ್ತು.

ಕಾಯಲಾಗದ ಜನ ಅಷ್ಟರಲ್ಲಿ ತಮ್ಮ ದಾರಿ ತಾವು ಮಾಡಿಕೊಂಡಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ಕೆ.ಪಿ. ರಾವ್ ಅವರ ಧ್ವನ್ಯಾನುಸಾರಿ ಕೀಲಿಮಣೆ ಅದಕ್ಕೆ ಆಧಾರವಾಯಿತು. ಹೊರನಾಡಿನ ಕನ್ನಡಿಗರ ಸಂಘಗಳು, ಪತ್ರಿಕೆಗಳು, ಸ್ಮರಣ ಸಂಚಿಕೆಗಳು ಇವುಗಳ ಋಣದಲ್ಲಿವೆ. ಇವಿಲ್ಲದಿದ್ದರೆ ನಮ್ಮ ಹಿರಿಯರು 41 ಲೇಖನ ಬರೆಯುತ್ತಲೇ ಇರಲಿಲ್ಲ.

ಆದರೆ ಆ ಕಾಲದ ಈ ತಂತ್ರಾಂಶಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಯಂತ್ರಕ್ಕೆ ತಿಳಿದಿದ್ದ ಸಂಕೇತಗಳು ರೋಮನ್ ಅಕ್ಷರಗಳವು ಮತ್ತು ಯುರೋಪಿನ ಕೆಲವು ಚಿಹ್ನೆಗಳವು. ಆ ಸಂಕೇತಗಳ ಸ್ಥಾನದಲ್ಲಿ ಕನ್ನಡದ ಆಕೃತಿಯ ತುಣುಕುಗಳನ್ನು ಕೂರಿಸಲಾಯಿತು. ನುಡಿಯ ಹಳೆಯ ಫಾಂಟಿನಲ್ಲಿ ರೋಮನ್ ‘ಪಿ’ ಅಕ್ಷರದ ಜಾಗದಲ್ಲಿ ‘ಕ’ದ ಒಡಲಿದೆ, ತಲೆಕಟ್ಟು ಬೇರೊಂದು ಜಾಗದಲ್ಲಿದೆ. ‘ಕನ್ನಡ’ ಎಂಬ ಪದವನ್ನು ಬರೆಯಲು ಅಲ್ಲಿ ಏಳು ತುಣುಕುಗಳು ಬೇಕು. ಯೂನಿಕೋಡಿನಲ್ಲಿ ಐದು ಸಂಕೇತಗಳು ಸಾಕು. ಕಣ್ಣಿಗೆ ಕನ್ನಡವಾಗಿ ಕಾಣುವ ಪಠ್ಯ ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಮಾತ್ರ. ಫಾಂಟು ಕಳಚಿತೆಂದರೆ ಭಾಷೆಯೂ ಕಳಚಿತು. ಉತ್ತರದ ಕಚೇರಿಗಳಲ್ಲಿ ಕೃತಿದೇವ್ ಫಾಂಟಿನ ಹಿಂದಿ ಕಡತಗಳೊಡನೆ ಹೆಣಗಿದ ನಮ್ಮ ಸಹೋದ್ಯೋಗಿಗಳಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಇದರ ಮೇಲೆ ಪೇಜ್‌ಮೇಕರಿನ ಹೊದಿಕೆ. 1985ರಲ್ಲಿ ಆಲ್ಡಸ್ ಸಂಸ್ಥೆ ಹೊರತಂದು, ಆಮೇಲೆ ಅಡೋಬಿ ವಶಪಡಿಸಿಕೊಂಡ ಆ ತಂತ್ರಾಂಶದ ಕೊನೆಯ ಆವೃತ್ತಿ 2001ರ 7.0. ಕನ್ನಡದ ಡಿಟಿಪಿ ಕೇಂದ್ರಗಳು ಅದನ್ನು ಬಹುಕಾಲ ಬಿಡಲಿಲ್ಲ, ನಮ್ಮ ಹಿರಿಯರೂ ಬಿಡಲಿಲ್ಲ. ಅವರ ಲೇಖನಗಳು ಹೀಗೆ ಮೂರು ಪೆಟ್ಟಿಗೆಗಳ ಒಳಗಿದ್ದವು: ಫಾಂಟಿನ ಪೆಟ್ಟಿಗೆ, ಅದರ ಹೊರಗೆ ಪೇಜ್‌ಮೇಕರ್, ಅದರ ಹೊರಗೆ ಎಕ್ಸ್‌ಪಿ. ಫಾಂಟನ್ನು ಇಂದಿನ ಯಂತ್ರಕ್ಕೂ ಹಾಕಬಹುದು. ಪೇಜ್‌ಮೇಕರಿಗೆ ಅದರ ಕಾಲದ ವಿಂಡೋಸೇ ಬೇಕು. ಎಕ್ಸ್‌ಪಿಗಾದರೋ 2014ರ ಏಪ್ರಿಲ್ 8ರ ನಂತರ ರಕ್ಷಣೆಯೇ ಇಲ್ಲ.

ಇದೇ ಕಾಲದಲ್ಲಿ ಸರ್ಕಾರದಲ್ಲೂ ಲಿನಕ್ಸಿನ ಕಡೆಗೆ ಹೆಜ್ಜೆಗಳು ಬಿದ್ದವು. 2007ರಲ್ಲಿ ಸಿ-ಡ್ಯಾಕ್, ಡೆಬಿಯನ್ ಆಧರಿಸಿದ ಬಾಸ್ ಲಿನಕ್ಸನ್ನು ಭಾರತೀಯ ಭಾಷೆಗಳ ಬೆಂಬಲದೊಡನೆ ಹೊರತಂದಿತು. 2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶ ನೀತಿಯನ್ನು ಪ್ರಕಟಿಸಿತು. 2023ರಲ್ಲಿ ರಕ್ಷಣಾ ಸಚಿವಾಲಯ ಉಬುಂಟು ಆಧಾರಿತ ಮಾಯಾ ವ್ಯವಸ್ಥೆಗೆ ಹೊರಳುತ್ತಿದೆಯೆಂದು ಪತ್ರಿಕೆಗಳು ವರದಿ ಮಾಡಿದವು. ಹೊಸ ವ್ಯವಸ್ಥೆ ಬಂದಲ್ಲೆಲ್ಲ ಹಳೆಯ ಕಡತ, ಹಳೆಯ ತಂತ್ರಾಂಶಗಳ ಪ್ರಶ್ನೆ ಏಳುತ್ತದೆ. ವಸುಂಧರೆಯ ನಮ್ಮ ಪ್ರಶ್ನೆ ಆ ದೊಡ್ಡ ಪ್ರಶ್ನೆಯ ಚಿಕ್ಕ ರೂಪ.

ಬಳಗದ ತೀರ್ಮಾನ

ಡ್ಯುಯಲ್ ಬೂಟಿನ ಪರವಾಗಿ ನೋಯ್ಡಾದ ಗೆಳೆಯರು ಹೇಳಿದ ಮಾತುಗಳನ್ನು ಹಗುರವಾಗಿ ತಳ್ಳುವಂತಿರಲಿಲ್ಲ. ಎದ್ದಿರುವ ವ್ಯವಸ್ಥೆಗೆ ಯಂತ್ರದ ಸಮಸ್ತ ಶಕ್ತಿಯೂ ಸಿಗುತ್ತದೆ. ಸ್ಮೃತಿ ಕಡಿಮೆಯಿರುವ ಯಂತ್ರದಲ್ಲಿ ಇದು ದೊಡ್ಡ ಲಾಭ. ವಿಡಿಯೋ ಸಂಕಲನದಂಥ ಭಾರವಾದ ಕೆಲಸಕ್ಕೂ, ಹಳೆಯ ಸ್ಕ್ಯಾನರನ್ನು ನೇರವಾಗಿ ಮುಟ್ಟಬೇಕಾದ ಕೆಲಸಕ್ಕೂ ಇದೇ ಲೇಸು. ದಿನವಿಡೀ ಎರಡನೆಯ ವ್ಯವಸ್ಥೆಯಲ್ಲೇ ದುಡಿಯುವವನು ಅದನ್ನು ಅತಿಥಿಯಾಗಿ ಇರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಆದರೆ ನಮ್ಮ ಕೆಲಸ ಅಂಥದಾಗಿರಲಿಲ್ಲ. ಮೊದಲನೆಯದಾಗಿ, 2016ರ ಯಂತ್ರದ ಭಾಗಗಳಿಗೆ ಎಕ್ಸ್‌ಪಿಯ ಕಾಲದ ಚಾಲಕ ತಂತ್ರಾಂಶಗಳನ್ನು ಹುಡುಕುವುದೇ ಒಂದು ತಪಸ್ಸು. ವರ್ಚುವಲ್ ಯಂತ್ರ ಎಕ್ಸ್‌ಪಿಗೆ ಪರಿಚಿತವಾದ ಹಳೆಯ ಯಂತ್ರಾಂಶದ ವೇಷವನ್ನೇ ಹಾಕಿ ನಿಲ್ಲುತ್ತದೆ. ಎರಡನೆಯದಾಗಿ, ರಕ್ಷಣೆಯಿಲ್ಲದ ಎಕ್ಸ್‌ಪಿಯನ್ನು ಜಾಲಕ್ಕೆ ಸೇರಿಸುವಂತಿಲ್ಲ. ಅತಿಥಿ ಯಂತ್ರದ ಜಾಲಸಂಪರ್ಕವನ್ನು ಒಂದು ಗುರುತು ತೆಗೆದು ಕಡಿದುಬಿಡಬಹುದು. ಮೂರನೆಯದಾಗಿ, ಡಿಸ್ಕಿನ ಪಾಲುಗಳು ಎಂದೂ ಪೂರ್ತಿ ನಿಶ್ಚಿಂತೆಯಲ್ಲ. ಒಂದು ವ್ಯವಸ್ಥೆಯ ಬದಲಾವಣೆ ಇನ್ನೊಂದರ ಬಾಗಿಲನ್ನು ಮುಚ್ಚಬಹುದು. 2024ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಪರಿಷ್ಕರಣೆಯ ನಂತರ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಮೈಕ್ರೋಸಾಫ್ಟ್ ಸಂಸ್ಥೆಯೇ ಅದನ್ನು ಒಪ್ಪಿಕೊಂಡಿತು.

ಈ ಮೂರೂ ಸೇರಿ ತೂಕ ವರ್ಚುವಲ್ ಯಂತ್ರದ ಕಡೆಗೆ ವಾಲಿತ್ತು. ಆದರೂ ನಮ್ಮನ್ನು ಕೊನೆಗೆ ಒಪ್ಪಿಸಿದ್ದು ನಾಲ್ಕನೆಯ ಕಾರಣ. ಲೇಖನಗಳನ್ನು ತೆರೆದರೆ ಸಾಲದು, ಅವನ್ನು ಯೂನಿಕೋಡಿಗೆ ತರಬೇಕು. ಹಾಗೆ ತರುವ ಪರಿವರ್ತಕಗಳಿವೆ, ಆದರೆ ತಪ್ಪುಗಳೂ ಬರುತ್ತವೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಈ ಸ್ಥಾನಪಲ್ಲಟ ಎಲ್ಲ ಕಡೆಯೂ ಸರಿಯಾಗುವುದಿಲ್ಲ. ಹಿರಿಯರು ಕಚೇರಿಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಿದ್ದರು. ಪರಿವರ್ತಕ ಅದನ್ನೂ ಕನ್ನಡದ ತುಣುಕೆಂದೇ ತಿಳಿದು, ನಾರ್ತ್ ಬ್ಲಾಕ್ ಇದ್ದ ಕಡೆಯಲ್ಲೆಲ್ಲ ಅರ್ಥವಿಲ್ಲದ ಒತ್ತಕ್ಷರಗಳನ್ನು ತಂದಿಟ್ಟಿತು. ಇವನ್ನು ತಿದ್ದಲು ಮೂಲ ಪುಟ ಮತ್ತು ಪರಿವರ್ತಿತ ಪುಟ ಎರಡೂ ಅಕ್ಕಪಕ್ಕದಲ್ಲಿ ಕಣ್ಣ ಮುಂದಿರಬೇಕು. ಸರದಿಯ ಮೇಲೆ ಏಳುವ ಎರಡು ವ್ಯವಸ್ಥೆಗಳಲ್ಲಿ ಇದು ಸಾಧ್ಯವಿಲ್ಲ. ಒಂದನ್ನು ಮಲಗಿಸಿ ಇನ್ನೊಂದನ್ನು ಎಬ್ಬಿಸುವಷ್ಟರಲ್ಲಿ ಕಂಡ ಸಾಲು ಮರೆತಿರುತ್ತದೆ.

ನೋಯ್ಡಾದ ಗೆಳೆಯರೇ ಮುಂದೆ ನಿಂತು ಕೆಲಸ ಮಾಡಿದರು. ಮೊದಲು ಹಳೆಯ ಡಿಸ್ಕಿನ ಒಂದು ಪೂರ್ಣ ಪ್ರತಿಯನ್ನು, ಡಿಸ್ಕಿನ ಮೇಲೆ ಏನನ್ನೂ ಬರೆಯದಂತೆ, ಒಂದೇ ಕಡತವಾಗಿ ತೆಗೆದಿಟ್ಟೆವು. ಈ ಒಂದು ಹೆಜ್ಜೆಯನ್ನು ಯಾವ ದಾರಿ ಹಿಡಿದವರೂ ಬಿಡಬಾರದು. ಮನೆಯಲ್ಲಿ ಜೋಪಾನವಾಗಿದ್ದ ಎಕ್ಸ್‌ಪಿ ಮತ್ತು ಪೇಜ್‌ಮೇಕರಿನ ಮೂಲ ಸಿಡಿಗಳಿಂದ ಅತಿಥಿ ಯಂತ್ರವನ್ನು ಕಟ್ಟಿದೆವು. ಲ್ಯಾಪ್‌ಟಾಪಿನ 8 ಗಿಗಾಬೈಟ್ ಸ್ಮೃತಿಯಲ್ಲಿ ಅದಕ್ಕೆ ಒಂದೇ ಗಿಗಾಬೈಟ್ ಕೊಟ್ಟೆವು. ಎಕ್ಸ್‌ಪಿಗೆ ಅದು ಧಾರಾಳ. ಎಲ್ಲವೂ ಸರಿಯಾಗಿ ನಿಂತ ಸ್ಥಿತಿಯನ್ನು ಹಿಡಿದಿಟ್ಟುಕೊಂಡೆವು, ಏನಾದರೂ ಕೆಟ್ಟರೆ ಅಲ್ಲಿಗೇ ಮರಳಬಹುದೆಂದು. ಆ ಯಂತ್ರ ಈಗ ಒಂದು ಕಡತ ಮಾತ್ರ. ಅದರ ಪ್ರತಿಯೊಂದು ಬೆಂಗಳೂರಿನಲ್ಲಿರುವ ಅವರ ಮಗನ ಬಳಿಯೂ ಇದೆ.

41 ಲೇಖನಗಳಲ್ಲಿ 38 ತೆರೆದವು. ಭಾನುವಾರಗಳಂದು ಇಬ್ಬಿಬ್ಬರು ಕೂತು, ಒಬ್ಬರು ಎಡಗಡೆಯ ಹಳೆಯ ಪುಟವನ್ನು ಓದುತ್ತ, ಇನ್ನೊಬ್ಬರು ಬಲಗಡೆಯದನ್ನು ತಿದ್ದುತ್ತ ಹೋದೆವು. ಹಿರಿಯರ ಪತ್ನಿ ಒಮ್ಮೊಮ್ಮೆ ಬಂದು ಕೂತು, “ಅದು ಲೋಧಿ ಕಾಲೊನಿ ಅಲ್ಲಪ್ಪ, ಲೋಧಿ ಎಸ್ಟೇಟು, ಕನ್ನಡ ಶಾಲೆ ಇರೋದು ಅಲ್ಲಿ” ಎಂದು ಯಂತ್ರಕ್ಕೂ ನಮಗೂ ಗೊತ್ತಾಗದ ತಪ್ಪುಗಳನ್ನು ತಿದ್ದಿದರು. ತೆರೆಯದ ಮೂರರಲ್ಲಿ ಒಂದು ಹಿಂದೆ ಅಚ್ಚಾಗಿದ್ದುದರಿಂದ ಉಳಿಯಿತು. ಇನ್ನೆರಡು ಹೋದವು. ಅವುಗಳಲ್ಲೊಂದರ ಹೆಸರು ‘ಕರೋಲ್‌ಬಾಗಿನ ಊಟದ ಮನೆಗಳು’ ಎಂದು ಪಟ್ಟಿಯಲ್ಲಿದೆ. ಆ ಊಟದ ಮನೆಗಳನ್ನು ಕಂಡವರು ನಮ್ಮ ಬಳಗದಲ್ಲಿ ಈಗ ಯಾರೂ ಇಲ್ಲ.

ಅತಿಥಿಯಾಗಿ ಎಷ್ಟು ದಿನ

ಹೊರನಾಡಿನ ಓದುಗರಿಗೆ ಈ ಎರಡು ಒಕ್ಕಲುಗಳ ಕಥೆ ಹೊಸದೇನಲ್ಲ. ಹೊಸಿಲಿನ ಆಚೆ ಹಿಂದಿ, ಈಚೆ ಕನ್ನಡ ಎಂದು ಸರದಿಯ ಮೇಲೆ ಬಾಳುವವರೂ ನಮ್ಮಲ್ಲಿದ್ದಾರೆ. ಹಿಂದಿ, ಇಂಗ್ಲಿಷುಗಳ ನಡುವೆ ಕನ್ನಡವನ್ನು ಅತಿಥಿಯಾಗಿ ಸದಾ ಎಚ್ಚರವಾಗಿಟ್ಟುಕೊಂಡವರೂ ಇದ್ದಾರೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದಿಲ್ಲ, ಏಕೆಂದರೆ ಯಂತ್ರದ ಚರಿತ್ರೆ ಕಲಿಸಿದ ಪಾಠ ಇವೆರಡಕ್ಕಿಂತ ಬೇರೆ.

ನಮ್ಮ ಕಡತಗಳಿಗೆ ವರ್ಚುವಲ್ ಯಂತ್ರವೇ ತಕ್ಕ ದಾರಿಯಾಗಿತ್ತು. ಇಂಥದೇ ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿರುವ ಇತರ ಸಂಘಗಳಿಗೂ ನಾವು ಅದನ್ನೇ ಸೂಚಿಸುತ್ತೇವೆ. ಆದರೆ ಅದು ತೆರೆಯುವ ಉಪಾಯ, ಉಳಿಸುವ ಉಪಾಯವಲ್ಲ. ಒಂದು ಕಡತವನ್ನು ಓದಲು ಒಂದು ಕಾಲದ ಯಂತ್ರವನ್ನೇ ಮತ್ತೆ ಕಟ್ಟಬೇಕಾದರೆ ಆ ಭಾಷೆ ಯಂತ್ರದಲ್ಲಿ ಇನ್ನೂ ಬಾಡಿಗೆಗಿದೆ ಎಂದೇ ಅರ್ಥ. ಯೂನಿಕೋಡಿನ ಪಠ್ಯಕ್ಕೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅದು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಕೈಫೋನಿನಲ್ಲೂ ಸಮಾನವಾಗಿ ತೆರೆಯುತ್ತದೆ. ಯಾರ ಮನೆಯಲ್ಲಿ ಯಾವ ವ್ಯವಸ್ಥೆ ಯಜಮಾನ ಎಂದು ಅದು ಕೇಳುವುದಿಲ್ಲ.

ಆದುದರಿಂದ ಓದುಗರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ನಿಮ್ಮ ಸಂಘದ ಕಪಾಟಿನಲ್ಲಿ ಇಂಥ ಯಂತ್ರವಿದ್ದರೆ ಈ ವರ್ಷವೇ ಕೆಳಗಿಳಿಸಿರಿ. ಡಿಸ್ಕುಗಳು ಯಾರಿಗಾಗಿಯೂ ಕಾಯುವುದಿಲ್ಲ. ಡ್ಯುಯಲ್ ಬೂಟೋ ವರ್ಚುವಲ್ ಯಂತ್ರವೋ ಎಂಬ ಚರ್ಚೆಯನ್ನು ಪ್ರತಿ ತೆಗೆದಾದ ಮೇಲೆ ಮಾಡಬಹುದು. ನಮ್ಮ ಹಿರಿಯರ 39 ಲೇಖನಗಳನ್ನು ಮುಂದಿನ ತಿಂಗಳಿನಿಂದ ಇಲ್ಲಿಯೇ ಒಂದೊಂದಾಗಿ ಪ್ರಕಟಿಸಲಿದ್ದೇವೆ. ಕರೋಲ್‌ಬಾಗಿನ ಆ ಊಟದ ಮನೆಗಳನ್ನು ಬಲ್ಲ ಯಾರಾದರೂ ಈ ಸಾಲುಗಳನ್ನು ಓದುತ್ತಿದ್ದರೆ, ನೆನಪಿದ್ದಷ್ಟನ್ನು ನಮಗೆ ಬರೆದು ಕಳುಹಿಸಿರಿ. ಯಾವ ಫಾಂಟಿನಲ್ಲಿ ಬರೆದರೂ ಸರಿಯೇ, ನಾವು ತೆರೆದುಕೊಳ್ಳುತ್ತೇವೆ.